ಗೊಂಬೆಗೆ ಕಣ್ಣು ಕಾಣದಿದ್ದರೆ?

ಒಂದು ಹಳೇ ಕಾಲುಚೀಲ ತಗೊಂಡು ಕೈಗೆ ಹಾಕಿಕೊಳ್ಳಿ. ಹೆಬ್ಬೆರಳು ಕೆಳಗೆ, ಉಳಿದ ನಾಲ್ಕು ಬೆರಳು ಮೇಲೆ. ಬಾಯಿ ರೆಡಿ. ಆದರೂ ಅದಿನ್ನೂ ಕಾಲುಚೀಲವೇ. ಈಗ ಅದರ ಮೇಲೆ ಎರಡು ಷರ್ಟ್ ಗುಂಡಿ ಹೊಲಿದು, ಮನೆಯಲ್ಲಿರುವ ಮೂರು ವರ್ಷದ ಮಗುವಿನ ಮುಂದೆ ಹಿಡಿಯಿರಿ. ಮಗು ನಿಮ್ಮ ಮುಖ ನೋಡಲ್ಲ. ಗುಂಡಿ ನೋಡಿಕೊಂಡು ಗೊಂಬೆ ಜೊತೆ ಮಾತಿಗಿಳಿಯುತ್ತೆ. ಗೊಂಬೆಗೆ ಜೀವ ಬಂದದ್ದು ಆ ಎರಡು ಗುಂಡಿಗಳಿಂದ.

ಹಾಗಾದರೆ ಒಂದು ಪ್ರಶ್ನೆ. ಗೊಂಬೆಯ ಜೀವವೆಲ್ಲ ಕಣ್ಣಲ್ಲೇ ಇದ್ದರೆ, ಕಣ್ಣು ಕಾಣದ ಪಾತ್ರವನ್ನು ಗೊಂಬೆಯಲ್ಲಿ ತೋರಿಸೋದು ಹೇಗೆ? ನಮ್ಮ ಸಿನಿಮಾಗಳ ಸುಲಭದ ದಾರಿ ಗೊತ್ತೇ ಇದೆ: ಒಂದು ಕಪ್ಪು ಕನ್ನಡಕ, ಕೈಗೊಂದು ಕೋಲು, ಹಿನ್ನೆಲೆಯಲ್ಲಿ ಪಿಟೀಲು, ಕೊನೆಗೊಂದು ದುಃಖದ ಹಾಡು. ಮಕ್ಕಳ ಕಾರ್ಯಕ್ರಮಕ್ಕೆ ಇದು ಆಗಲ್ಲ. ನಾಲ್ಕು ವರ್ಷದ ಮಗು ಅಲ್ಲಿ ಏನು ನೋಡುತ್ತೋ, ಮುಂದೆ ಬಸ್‌ಸ್ಟ್ಯಾಂಡಿನಲ್ಲಿ, ಶಾಲೆಯಲ್ಲಿ, ಆಫೀಸಿನಲ್ಲಿ ಅದನ್ನೇ ನಂಬಿಕೊಂಡು ನಡೆಯುತ್ತೆ.

ಈ ಪ್ರಶ್ನೆಗೆ ಸುಮಾರು ನಲವತ್ತು ವರ್ಷದ ಹಿಂದೆ ಅಮೆರಿಕದ ಒಂದು ಕಾರ್ಯಕ್ರಮ ಉತ್ತರ ಹುಡುಕಿತ್ತು. ಅರ್ಧ ಗೆದ್ದಿತು, ಅರ್ಧ ಬಾಕಿ ಉಳಿಸಿತು.

ಕಣ್ಣಿನಿಂದ ಅಳೆದ ಕಾರ್ಯಕ್ರಮ

'ಸೆಸಮಿ ಸ್ಟ್ರೀಟ್' ಶುರುವಾದದ್ದು 1969ರ ನವೆಂಬರ್ 10ರಂದು. ಜೋನ್ ಗಾಂಜ್ ಕೂನಿ ಮತ್ತು ಲಾಯ್ಡ್ ಮಾರಿಸೆಟ್ ಕಟ್ಟಿದ ಈ ಕಾರ್ಯಕ್ರಮ ಆಮೇಲೆ ಹಲವು ದೇಶಗಳಲ್ಲಿ ಆಯಾ ಭಾಷೆಯ ವೇಷ ತೊಟ್ಟಿತು. ನಮ್ಮಲ್ಲಿಗೆ 2006ರಲ್ಲಿ ಹಿಂದಿಯಲ್ಲಿ 'ಗಲ್ಲಿ ಗಲ್ಲಿ ಸಿಮ್ ಸಿಮ್' ಆಗಿ ಬಂತು. ಶಾಲೆಯ ಸಮವಸ್ತ್ರ ತೊಟ್ಟ ಚಮ್ಕಿ ನಿಮ್ಮಲ್ಲಿ ಕೆಲವರಿಗಾದರೂ ನೆನಪಿರಬಹುದು.

ಇದರ ತಯಾರಿ ನೋಡಿದರೆ ನಮ್ಮಂಥ ಸಾಫ್ಟ್‌ವೇರ್ ಮಂದಿಗೆ ಖುಷಿಯಾಗುತ್ತೆ. ಪ್ರಸಾರಕ್ಕೆ ಮೊದಲೇ ಮಕ್ಕಳ ಮೇಲೆ ಟೆಸ್ಟಿಂಗ್! ಎಡ್ವರ್ಡ್ ಪಾಮರ್ ಎಂಬ ಸಂಶೋಧಕರು ಮಗುವನ್ನು ಟಿವಿ ಮುಂದೆ ಕೂರಿಸಿ, ಪಕ್ಕದಲ್ಲೇ ಇನ್ನೊಂದು ಪರದೆಯಲ್ಲಿ ಪ್ರತಿ 7.5 ಸೆಕೆಂಡಿಗೊಂದು ಹೊಸ ಚಿತ್ರ ಬದಲಾಗುವಂತೆ ಮಾಡುತ್ತಿದ್ದರು. ಮಗುವಿನ ಕಣ್ಣು ಟಿವಿ ಬಿಟ್ಟು ಆ ಚಿತ್ರದ ಕಡೆ ಹೋಯಿತೋ, ಆ ದೃಶ್ಯ ಸಪ್ಪೆ ಎಂದರ್ಥ. ತಿದ್ದಬೇಕು, ಇಲ್ಲವೇ ತೆಗೆಯಬೇಕು.

ಗೊಂಬೆಗಳ ವಿನ್ಯಾಸದಲ್ಲೂ ಕಣ್ಣಿಗೇ ಪಟ್ಟ. ಮಪೆಟ್‌ಗಳ ಜನಕ ಜಿಮ್ ಹೆನ್ಸನ್ ಜೊತೆ ಗೊಂಬೆ ತಯಾರಿಸುತ್ತಿದ್ದ ಡಾನ್ ಸಾಲಿನ್, ಕಣ್ಣು ಮತ್ತು ಮೂಗು ಸೇರಿ ಆಗುವ ತ್ರಿಕೋನದ ಮೇಲೆ ಬಹಳ ತಲೆಕೆಡಿಸಿಕೊಳ್ಳುತ್ತಿದ್ದರು. ಕಣ್ಣಿನ ಕಪ್ಪು ಬೊಟ್ಟನ್ನು ಸ್ವಲ್ಪ ಒಳಮುಖವಾಗಿ ಕೂರಿಸಿದರೆ ಗೊಂಬೆ ಎದುರಿಗಿದ್ದವರನ್ನು ನಿಜವಾಗಿ ನೋಡುತ್ತಿದೆ ಅನ್ನಿಸುತ್ತೆ. ಅದು ಜರುಗಿದರೆ ಗೊಂಬೆ ಶೂನ್ಯ ನೋಡಿಕೊಂಡು ಕೂತಂತೆ ಕಾಣುತ್ತೆ. ನಮ್ಮಲ್ಲಿ ಶಿಲ್ಪಿ ವಿಗ್ರಹಕ್ಕೆ ಕೊನೆಯಲ್ಲಿ ಕಣ್ಣು ತೆರೆಸುವ ಸಂಪ್ರದಾಯ ಇದೆಯಲ್ಲ, ನಂಬಿಕೆ ಬೇರೆಯಾದರೂ ಆ ತಿಳಿವಳಿಕೆ ಇದಕ್ಕೆ ಹತ್ತಿರದ್ದೇ.

ಇಂಥ, ಕಣ್ಣಿನ ಮೇಲೇ ನಿಂತ ಬೀದಿಗೆ 1980ರ ದಶಕದಲ್ಲಿ ಕಣ್ಣು ಕಾಣದ ಒಂದು ಗೊಂಬೆ ಬಂತು. ಹೆಸರು ಅರಿಸ್ಟಾಟಲ್.

ಬೆರಳಲ್ಲಿ ಓದಿದ ಅರಿಸ್ಟಾಟಲ್

ಅರಿಸ್ಟಾಟಲ್‌ನನ್ನು ಆಡಿಸಿದವರು ರಿಚರ್ಡ್ ಹಂಟ್. 'ಮಪೆಟ್ ಶೋ' ನೋಡಿದವರಿಗೆ ಇವರ ಕೈಚಳಕ ಪರಿಚಯ. ಸ್ಕೂಟರ್, ಬೀಕರ್, ಮೇಲಿನ ಬಾಲ್ಕನಿಯಲ್ಲಿ ಕೂತು ಎಲ್ಲರನ್ನೂ ಬೈಯುವ ಇಬ್ಬರು ಮುದುಕರಲ್ಲಿ ಒಬ್ಬನಾದ ಸ್ಟ್ಯಾಟ್ಲರ್, ಇವೆಲ್ಲ ಅವರದೇ. ನಗಿಸುವುದರಲ್ಲಿ ಪಳಗಿದ ಕೈ. ಏಡ್ಸ್‌ನಿಂದಾಗಿ 1992ರಲ್ಲಿ ತೀರಿಕೊಂಡಾಗ ಅವರಿಗೆ ಬರೀ 40 ವರ್ಷ.

ಅರಿಸ್ಟಾಟಲ್ ಬ್ರೈಲ್ ಓದುವ ಗೊಂಬೆ. ಚುಕ್ಕಿಗಳ ಮೇಲೆ ಬೆರಳಾಡಿಸಿ ಓದುವುದನ್ನು ಒಂದು ಗೊಂಬೆ ಮಾಡಿ ತೋರಿಸಿದರೆ ಮಗುವಿನ ತಲೆಯಲ್ಲಿ ಏನಾಗುತ್ತೆ ಯೋಚಿಸಿ. 'ಇವನಿಗೆ ಓದೋಕೆ ಆಗಲ್ಲ' ಎಂಬ ಜಾಗದಲ್ಲಿ 'ಇವನು ಓದೋದು ಹೀಗೆ' ಬಂದು ಕೂರುತ್ತೆ. ಅಷ್ಟೇ ಅಲ್ಲ, 'ದೀಪ ಆರಿಸಿದ ಮೇಲೂ ಓದಬಹುದಾ?' ಎಂಬ ಅಸೂಯೆ ಕೂಡ ಬರಬಹುದು. ಒಳ್ಳೆಯದೇ. ಮಗುವಿಗೆ ಅಸೂಯೆ ಹುಟ್ಟಿದ ಕಡೆ ಕನಿಕರಕ್ಕೆ ಜಾಗ ಕಡಿಮೆ.

ಇಂಥ ಪಾತ್ರವನ್ನು ಆಡಿಸುವವರ ಕಷ್ಟವೇ ಬೇರೆ. ಮಾಮೂಲಿ ಗೊಂಬೆ ಮಾತು ಕೇಳಿದ ಕೂಡಲೇ ಮಾತಾಡಿದವರ ಕಡೆ ಮುಖ ತಿರುಗಿಸುತ್ತೆ, ಕಣ್ಣಿಗೆ ಕಣ್ಣು ಸೇರಿಸುತ್ತೆ. ಕಾಣದ ಗೊಂಬೆಗೆ ಆ ಅಸ್ತ್ರ ಇಲ್ಲ. ಅದರ ಗಮನ ಬೇರೆ ಕಡೆಯಿಂದ ಕಾಣಿಸಬೇಕು. ತಲೆ ಒಂದು ಚೂರು ವಾಲಿ ಕಿವಿ ಮುಂದೆ ಬರಬೇಕು. ಉತ್ತರಕ್ಕೆ ಮುಂಚೆ ಒಂದು ಕ್ಷಣ ನಿಂತು ಆಲಿಸಬೇಕು. ಕೈ ಮೇಜಿನ ಅಂಚು ಹಿಡಿದುಕೊಂಡು ಹೋಗಿ ಲೋಟ ಹುಡುಕಬೇಕು. ಲೋಟ ಸಿಕ್ಕಿದಾಗ ಅದು ಪವಾಡದಂತೆ ಕಾಣಬಾರದು. ಎಡವಿ ಬೀಳುವುದನ್ನೇ ತಮಾಷೆ ಮಾಡಲೂಬಾರದು. ದಿನಾ ಅದೇ ಮನೆಯಲ್ಲಿರುವವನಿಗೆ ಲೋಟ ಎಲ್ಲಿದೆ ಅಂತ ಗೊತ್ತಿರುತ್ತೆ, ಅಷ್ಟೇ.

ಇನ್ನೊಂದು ವಿಷಯ ನಮ್ಮಲ್ಲಿ ಅನೇಕರಿಗೆ ಗೊತ್ತೇ ಇರಲ್ಲ. ಕುರುಡು ಎಂದರೆ ಎಲ್ಲರಿಗೂ ಪೂರ್ತಿ ಕತ್ತಲೆಯಲ್ಲ. ಕೆಲವರಿಗೆ ಬೆಳಕು ತಿಳಿಯುತ್ತೆ, ಕೆಲವರಿಗೆ ನೆರಳಿನಂತೆ ಆಕಾರ ಕಾಣುತ್ತೆ, ಕೆಲವರಿಗೆ ಎದುರಿನದು ಕಂಡರೆ ಪಕ್ಕದ್ದು ಕಾಣಲ್ಲ. ಎಲ್ಲರೂ ಬ್ರೈಲ್ ಓದುತ್ತಾರೆ ಎಂದೂ ಇಲ್ಲ. ಒಂದು ಗೊಂಬೆ ಇವರೆಲ್ಲರ ಪ್ರತಿನಿಧಿ ಆಗಲು ಹೊರಟರೆ ಯಾರೂ ಆಗದೆ ಉಳಿಯುತ್ತೆ.

ಆಡಿಸುವವರಿಗೂ ಎದುರಿನದು ಕಾಣಲ್ಲ

ಇದರಲ್ಲಿ ಒಂದು ಸೋಜಿಗ ಇದೆ. ಮಪೆಟ್ ಆಡಿಸುವವರು ಕೆಳಗೆ ಬಚ್ಚಿಟ್ಟುಕೊಂಡು ಕೈಯನ್ನು ತಲೆ ಮೇಲೆತ್ತಿ ಹಿಡಿದಿರುತ್ತಾರೆ. ಕಣ್ಣು ಗೊಂಬೆಯ ಮೇಲಿರಲ್ಲ, ಕೆಳಗಿಟ್ಟ ಮಾನಿಟರ್ ಮೇಲಿರುತ್ತೆ. ಕ್ಯಾಮೆರಾಕ್ಕೆ ಏನು ಕಾಣುತ್ತೋ ಅದನ್ನು ನೋಡಿ ಕೈ ಆಡಿಸಬೇಕು. ಅದು ಕನ್ನಡಿಯ ಹಾಗೆ ಎಡಬಲ ತಿರುಗಿಸಿದ ಚಿತ್ರವೂ ಅಲ್ಲ, ಹಾಗಾಗಿ ಹೊಸಬರ ಗೊಂಬೆ ಎಡಕ್ಕೆ ಹೋಗಬೇಕಾದಲ್ಲಿ ಬಲಕ್ಕೆ ಹೊರಡುತ್ತೆ.

ಬಿಗ್ ಬರ್ಡ್ ಎಂಬ ದೊಡ್ಡ ಹಳದಿ ಹಕ್ಕಿಯ ಒಳಗಿದ್ದ ಕ್ಯಾರಲ್ ಸ್ಪಿನ್ನಿ ಅವರದು ಇನ್ನೂ ಕಷ್ಟ. ವೇಷದೊಳಗೆ ನಿಂತರೆ ಹೊರಗಿನದು ನೇರವಾಗಿ ಕಾಣುತ್ತಿರಲಿಲ್ಲ. ಬಲಗೈ ಮೇಲೆತ್ತಿ ಹಕ್ಕಿಯ ತಲೆ ಹಿಡಿದು, ಎದೆಗೆ ಕಟ್ಟಿದ ಪುಟ್ಟ ಟಿವಿ ನೋಡಿಕೊಂಡು ಓಡಾಡುತ್ತಿದ್ದರು, ಕುಣಿಯುತ್ತಿದ್ದರು. 1969ರಿಂದ 2018ರವರೆಗೆ ಅವರು ಆ ಹಕ್ಕಿಯಾಗಿದ್ದರು. ಮಕ್ಕಳೆಲ್ಲ 'ಬಿಗ್ ಬರ್ಡ್ ನನ್ನನ್ನು ನೋಡ್ತು' ಅಂದುಕೊಂಡಿದ್ದಾಗ ಒಳಗಿದ್ದ ಮನುಷ್ಯನಿಗೆ ಕಾಣುತ್ತಿದ್ದದ್ದು ಅಂಗೈಯಗಲದ ಚಿತ್ರ.

ಹಾಗಂತ ಅವರ ಅನುಭವ ಅಂಧರ ಅನುಭವವೇ ಅಂತ ನಾನು ಹೇಳುತ್ತಿಲ್ಲ. ಶೂಟಿಂಗ್ ಮುಗಿದರೆ ಇವರು ವೇಷ ಬಿಚ್ಚಿ ಕಾರ್ ಓಡಿಸಿಕೊಂಡು ಮನೆಗೆ ಹೋಗಬಹುದು. ನಾನು ಹೇಳುವುದಿಷ್ಟೇ: ಎದುರಿನದು ನೇರವಾಗಿ ಕಾಣದೆಯೂ ಅಷ್ಟು ಚೆನ್ನಾಗಿ ಕೆಲಸ ಮಾಡಬಹುದು ಎನ್ನುವುದು ಈ ಬೀದಿಯ ಕಲಾವಿದರಿಗೆ ಮೊದಲೇ ಗೊತ್ತಿತ್ತು. ಅವರ ಕಸುಬೇ ಅದಾಗಿತ್ತು.

'ಪಾಪ' ಎಂಬ ಎರಡಕ್ಷರ

ಕನ್ನಡದಲ್ಲಿ ನಮಗೆ ಬಹಳ ಬೇಗ ಬಾಯಿಗೆ ಬರುವ ಪದ 'ಪಾಪ'. ಕೋಲು ಹಿಡಿದವರು ರಸ್ತೆ ದಾಟುತ್ತಿದ್ದರೆ ಪಾಪ. ಬಸ್ ಹತ್ತಿದರೆ ಪಾಪ. ಕೆಲಸಕ್ಕೆ ಸೇರಿದರೂ 'ಪಾಪ, ಎಷ್ಟು ಕಷ್ಟಪಟ್ಟಿರಬೇಕು'. ಅದರಲ್ಲಿ ಕೆಟ್ಟ ಮನಸ್ಸಿಲ್ಲ, ನಿಜ. ಆದರೆ ಆ ಪದ ಬಿದ್ದ ಕೂಡಲೇ ಎದುರಿನವರು ನಮಗಿಂತ ಒಂದು ಮೆಟ್ಟಿಲು ಕೆಳಗಿಳಿದಿರುತ್ತಾರೆ.

ಹಿಂದೆ ನಾನಿದ್ದ ಒಂದು ಕಂಪನಿಯಲ್ಲಿ ಸ್ಕ್ರೀನ್ ರೀಡರ್ ಇಟ್ಟುಕೊಂಡು ಕೋಡ್ ಬರೆಯುವ ಸಹೋದ್ಯೋಗಿಯೊಬ್ಬರಿದ್ದರು. ಪರದೆಯ ಮೇಲಿನದನ್ನೆಲ್ಲ ಓದಿ ಹೇಳುವ ಆ ಧ್ವನಿಯನ್ನು ಅವರು ಎಷ್ಟು ವೇಗವಾಗಿ ಇಟ್ಟುಕೊಳ್ಳುತ್ತಿದ್ದರೆಂದರೆ ನಮಗೆ ಟೇಪ್ ಸುತ್ತಿದ ಸದ್ದಿನ ಹಾಗೆ ಕೇಳುತ್ತಿತ್ತು. ಒಂದು ದಿನ ಕ್ಯಾಂಟೀನಿನಲ್ಲಿ ಬೇರೆ ಟೀಮಿನ ಹಿರಿಯರೊಬ್ಬರು ಬಂದು, "ಪಾಪ, ನಿಮಗೆ ತುಂಬಾ ಕಷ್ಟ ಅಲ್ವಾ?" ಅಂದರು. ಇವರು ತಟ್ಟೆಯಿಂದ ತಲೆ ಎತ್ತದೆ, "ಹೌದು ಸಾರ್, ಕಷ್ಟ. ನಿಮ್ಮ ಟೀಮ್ ಬರೆದಿರೋ ಕೋಡ್ ಓದೋದು" ಅಂದರು. ಇಡೀ ಟೇಬಲ್ ನಕ್ಕಿತು, ಆ ಹಿರಿಯರೂ ನಕ್ಕರು. ಅವತ್ತಿಂದ ಅವರು 'ಪಾಪ' ಅನ್ನಲಿಲ್ಲ, ಕೋಡ್ ರಿವ್ಯೂಗೆ ಕರೆಯತೊಡಗಿದರು.

ಮಕ್ಕಳ ಟಿವಿಯ ಕಾಣದ ಗೊಂಬೆಗೆ ಬೇಕಾದದ್ದು ಈ ಸ್ವಾತಂತ್ರ್ಯ. ತಮಾಷೆ ಮಾಡುವ, ತಪ್ಪು ಮಾಡುವ, ಬಿಸ್ಕತ್ತು ಕದಿಯುವ, ಗೆಳೆಯನ ಮೇಲೆ ಸಿಡುಕುವ ಸ್ವಾತಂತ್ರ್ಯ. ಕಣ್ಣು ಕಾಣದ ಪಾತ್ರಗಳನ್ನು ನಾವು ಎರಡೇ ಅಳತೆಯಲ್ಲಿ ಹೊಲಿಯುತ್ತೇವೆ. ಒಂದು, ಅಯ್ಯೋ ಎನ್ನಿಸುವವರು. ಇನ್ನೊಂದು, ದೈವಾಂಶ ಇರುವ ಗಾಯಕರು, ಜ್ಞಾನಿಗಳು. ಮಧ್ಯದಲ್ಲಿ ನಮ್ಮ ನಿಮ್ಮ ಹಾಗೆ ಸಾಧಾರಣವಾಗಿ ಇರುವವರಿಗೆ ಬಟ್ಟೆಯೇ ಇಲ್ಲ.

ಪ್ರಶ್ನೆ ಕೇಳುವ ಸ್ವಾತಂತ್ರ್ಯ ಮಕ್ಕಳಿಗೂ ಬೇಕು. ಅದನ್ನು ಚೆನ್ನಾಗಿ ಅರಿತವರು ಬಾರ್ಬರಾ ಐಯೆಲೊ ಎಂಬ ಶಿಕ್ಷಕಿ. ವಿಶೇಷ ಮಕ್ಕಳನ್ನು ಸಾಮಾನ್ಯ ಶಾಲೆಗೆ ಸೇರಿಸಿಕೊಳ್ಳುವ ಕಾನೂನು ಅಮೆರಿಕದಲ್ಲಿ 1975ರಲ್ಲಿ ಬಂತು. ಮಕ್ಕಳೇನೋ ಒಂದೇ ತರಗತಿಗೆ ಬಂದರು, ಒಬ್ಬರಿಗೊಬ್ಬರು ಹತ್ತಿರವಾಗಲಿಲ್ಲ. ಐಯೆಲೊ 1977ರಲ್ಲಿ 'ಕಿಡ್ಸ್ ಆನ್ ದ ಬ್ಲಾಕ್' ಎಂಬ ಗೊಂಬೆ ತಂಡ ಕಟ್ಟಿದರು. ಜಪಾನಿನ ಬುನ್ರಾಕು ಶೈಲಿಯಲ್ಲಿ ಮಗುವಿನಷ್ಟೇ ಎತ್ತರದ ಗೊಂಬೆಗಳು, ಹಿಂದೆ ಕಪ್ಪು ಬಟ್ಟೆಯಲ್ಲಿ ಆಡಿಸುವವರು. ಅದರಲ್ಲಿ ರೆನಾಲ್ಡೊ ಎಂಬ ಅಂಧ ಹುಡುಗನೂ ಇದ್ದ. ಆಟ ಮುಗಿದ ಮೇಲೆ ಮಕ್ಕಳು ಗೊಂಬೆಗೇ ನೇರವಾಗಿ ಪ್ರಶ್ನೆ ಕೇಳಬಹುದಿತ್ತು. ಪಕ್ಕದ ಮನೆಯ ಅಂಕಲ್‌ಗೆ ಕೇಳಿದರೆ 'ಷ್, ಹಾಗೆಲ್ಲ ಕೇಳಬಾರದು' ಅಂತ ಅಮ್ಮ ತೊಡೆ ಚಿವುಟುವ ಪ್ರಶ್ನೆಗಳನ್ನು ಗೊಂಬೆಗೆ ಧೈರ್ಯವಾಗಿ ಕೇಳಬಹುದು. ಗೊಂಬೆ ಬೇಜಾರು ಮಾಡಿಕೊಳ್ಳಲ್ಲ.

ಬಂದು ಹೋದವನು, ಬೀದಿಯಲ್ಲೇ ಇದ್ದವಳು

ಸೆಸಮಿ ಸ್ಟ್ರೀಟ್ ಬಾಕಿ ಉಳಿಸಿತು ಅಂದೆನಲ್ಲ, ಅದು ಇಲ್ಲಿ. ಅರಿಸ್ಟಾಟಲ್ ಹೆಚ್ಚು ಕಾಲ ಆ ಬೀದಿಯಲ್ಲಿ ಉಳಿಯಲಿಲ್ಲ. ಎಲ್ಮೊ, ಗ್ರೋವರ್, ಕುಕಿ ಮಾನ್‌ಸ್ಟರ್ ಥರ ಮನೆಮಾತಾಗಲೂ ಇಲ್ಲ. ಇಂದಿನ ಅಪ್ಪ ಅಮ್ಮಂದಿರನ್ನು ಕೇಳಿದರೆ ಹೆಸರು ಹೇಳುವವರು ಕಡಿಮೆ.

ಇದರ ಪಕ್ಕದಲ್ಲಿ ಲಿಂಡಾ ಬೋವ್ ಅವರನ್ನು ಇಟ್ಟು ನೋಡಿ. ಕಿವಿ ಕೇಳದ ನಟಿ. 1970ರ ದಶಕದಿಂದ 2002ರವರೆಗೆ ಅದೇ ಬೀದಿಯಲ್ಲಿ ಲಿಂಡಾ ಎಂಬ ಹೆಸರಿನಲ್ಲೇ ಇದ್ದರು. ಅವರಿಗೆ ಲೈಬ್ರರಿಯಲ್ಲಿ ಕೆಲಸ ಇತ್ತು, ಬಾರ್ಕ್ಲಿ ಎಂಬ ದೊಡ್ಡ ನಾಯಿ ಇತ್ತು, ಬಾಬ್ ಜೊತೆ ಒಲವಿತ್ತು. ಪ್ರತಿ ಸಲ ಬಂದಾಗಲೂ 'ಇವತ್ತಿನ ಪಾಠ: ಕಿವುಡುತನ' ಅಂತ ಇರಲಿಲ್ಲ. ಲಿಂಡಾ ಸನ್ನೆ ಮಾಡಿ ಮಾತಾಡುತ್ತಿದ್ದರು, ಉಳಿದವರು ಸನ್ನೆಯಲ್ಲೇ ಉತ್ತರಿಸುತ್ತಿದ್ದರು, ಕಥೆ ಮುಂದಕ್ಕೆ ಹೋಗುತ್ತಿತ್ತು. ನೋಡುವ ಮಗುವಿಗೆ ಅದು ಪಾಠ ಅಂತಲೇ ಗೊತ್ತಾಗುತ್ತಿರಲಿಲ್ಲ.

ವ್ಯತ್ಯಾಸ ಇಷ್ಟೇ: ಲಿಂಡಾ ಬೀದಿಯ ನಿವಾಸಿ, ಅರಿಸ್ಟಾಟಲ್ ಅತಿಥಿ. ಅತಿಥಿಗೆ ಒಂದೇ ಕೆಲಸ ಸಿಗುತ್ತೆ, ತನ್ನ ಬಗ್ಗೆ ವಿವರಿಸುವುದು. ವಿವರಿಸಿ ಮುಗಿದ ಮೇಲೆ ಕಥೆಗಾರರಿಗೆ ಅವನು ಬೇಕಾಗಲ್ಲ.

ಒಳಗಿನಿಂದ ಬಲ್ಲವರು ಬರೆಯುವ ಮೇಜಿನ ಮುಂದೆ ಇದ್ದರೆ ಇದು ಬದಲಾಗುತ್ತೆ. ಇದೇ ಕಾರ್ಯಕ್ರಮಕ್ಕೆ 1970ರಿಂದ ಬರೆಯುತ್ತಿದ್ದ ಎಮಿಲಿ ಕಿಂಗ್ಸ್‌ಲಿ ಅವರಿಗೆ 1974ರಲ್ಲಿ ಡೌನ್ ಸಿಂಡ್ರೋಮ್ ಇರುವ ಮಗ ಹುಟ್ಟಿದ. ಆಮೇಲೆ ಇಂಥ ಮಕ್ಕಳು ಆ ಬೀದಿಯಲ್ಲಿ ಕಾಣಿಸುವಂತೆ ಮಾಡಿದ್ದರಲ್ಲಿ ಅವರ ಪಾಲು ದೊಡ್ಡದು. 2017ರಲ್ಲಿ ಟಿವಿಗೆ ಬಂದ ಜೂಲಿಯಾ ಎಂಬ ಆಟಿಸಂ ಇರುವ ಗೊಂಬೆಯನ್ನು ಆಡಿಸುವ ಸ್ಟೇಸಿ ಗೋರ್ಡನ್ ಅವರ ಮಗನಿಗೂ ಆಟಿಸಂ ಇದೆ. ಜೂಲಿಯಾ ಬಂದ ಮೊದಲ ಕಂತಿನಲ್ಲಿ ಅವಳು ಉತ್ತರ ಕೊಡದಿದ್ದಾಗ ಬಿಗ್ ಬರ್ಡ್ 'ಇವಳಿಗೆ ನಾನು ಇಷ್ಟ ಇಲ್ವೇನೋ' ಅಂದುಕೊಳ್ಳುತ್ತೆ. ಮನೆಯಲ್ಲಿ ಕೂತ ಮಗುವಿನ ಅನುಮಾನವೂ ಅದೇ ತಾನೆ?

ಅಲ್ಲೂ ಎಲ್ಲ ಸುಸೂತ್ರವಾಗಿರಲಿಲ್ಲ. 2019ರಲ್ಲಿ, ಆಟಿಸಂ ಇರುವವರೇ ನಡೆಸುವ ಸಂಘಟನೆಯೊಂದು ಸೆಸಮಿ ಜೊತೆಗಿನ ಸಹಕಾರ ನಿಲ್ಲಿಸಿತು. ಪೋಷಕರಿಗಾಗಿ ಸಿದ್ಧವಾದ ಸಾಮಗ್ರಿ ಆಟಿಸಂ ಅನ್ನು ಒಂದು ಹೊರೆಯಂತೆ ತೋರಿಸುತ್ತಿದೆ ಎಂಬುದು ಅವರ ತಕರಾರು. ನನಗೆ ಇದರಲ್ಲಿ ಕಾಣುವುದು ಒಂದೇ ಮಾತು: ಪಾತ್ರ ಒಳ್ಳೆಯದಿದ್ದರೆ ಸಾಲದು, ಅದರ ಬಗ್ಗೆ ಮಾತಾಡುವ ಹಕ್ಕು ಯಾರ ಕೈಯಲ್ಲಿದೆ ಎಂಬುದೂ ಮುಖ್ಯ.

ಮೀನಿಗೆ ಊಟ ಹಾಕಿದ್ರಾ?

ಇಷ್ಟು ಹೊತ್ತು ನಾವು ಮಾತಾಡಿದ್ದು, ಕಣ್ಣು ಕಾಣುವ ಮಗು ಕಾಣದ ಗೊಂಬೆಯನ್ನು ನೋಡುವ ಬಗ್ಗೆ. ಸೋಫಾದ ಇನ್ನೊಂದು ತುದಿಯಲ್ಲಿ ಕಣ್ಣು ಕಾಣದ ಮಗುವೇ ಕೂತಿದ್ದರೆ?

ಅಮೆರಿಕದ ಇನ್ನೊಂದು ಹೆಸರಾಂತ ಮಕ್ಕಳ ಕಾರ್ಯಕ್ರಮ 'ಮಿಸ್ಟರ್ ರೋಜರ್ಸ್ ನೇಬರ್‌ಹುಡ್'. ಫ್ರೆಡ್ ರೋಜರ್ಸ್ ಅದರಲ್ಲಿ ಗೊಂಬೆಗಳನ್ನೂ ಆಡಿಸುತ್ತಿದ್ದರು, ಮನೆಯ ಗಾಜಿನ ತೊಟ್ಟಿಯಲ್ಲಿದ್ದ ಮೀನುಗಳಿಗೆ ಊಟವನ್ನೂ ಹಾಕುತ್ತಿದ್ದರು. ಒಮ್ಮೆ ಒಬ್ಬ ಪುಟ್ಟ ಅಂಧ ಹುಡುಗಿಯ ಕಡೆಯಿಂದ ಕಾಗದ ಬಂತು. ನೀವು ಮೀನಿಗೆ ಊಟ ಹಾಕೋದು ನನಗೆ ತಿಳಿಯಲ್ಲ, ಅವು ಉಪವಾಸ ಇವೆಯೇನೋ ಅಂತ ಚಿಂತೆ ಆಗುತ್ತೆ, ಹಾಕುವಾಗ ಬಾಯಿಬಿಟ್ಟು ಹೇಳಿ ಎಂಬರ್ಥದ ಕೋರಿಕೆ. ರೋಜರ್ಸ್ ಅಂದಿನಿಂದ ಮೀನಿಗೆ ಊಟ ಹಾಕುತ್ತಿದ್ದೇನೆ ಎಂದು ಹೇಳಿಯೇ ಹಾಕತೊಡಗಿದರು.

ಖರ್ಚು? ಒಂದು ವಾಕ್ಯ. ಅದಕ್ಕೆ ಹೊಸ ಪಾತ್ರ ಬೇಕಿರಲಿಲ್ಲ, ವಿಶೇಷ ಕಂತು ಬೇಕಿರಲಿಲ್ಲ. ಕಾಣುವ ಮಕ್ಕಳಿಗೆ ಏನೂ ಕಡಿಮೆಯಾಗಲಿಲ್ಲ. ಆ ಹುಡುಗಿಗೆ ಮಾತ್ರ ಚಿಂತೆ ಹೋಯಿತು.

ಇದೇ ಯೋಚನೆ ಮುಂದೆ ತಂತ್ರಜ್ಞಾನವಾಗಿ ಬೆಳೆಯಿತು. ಬಾಸ್ಟನ್ನಿನ ಡಬ್ಲ್ಯುಜಿಬಿಎಚ್ ಟಿವಿ ಕೇಂದ್ರ 1990ರಲ್ಲಿ ಧ್ವನಿ ವಿವರಣೆ ಸೇವೆ ಶುರು ಮಾಡಿತು. ಸಂಭಾಷಣೆಗಳ ನಡುವಿನ ಬಿಡುವಿನಲ್ಲಿ ಪರದೆಯ ಮೇಲೆ ಏನಾಗುತ್ತಿದೆ ಎಂದು ಒಂದು ಧ್ವನಿ ಹೇಳುತ್ತೆ. ನಿಮ್ಮ ಓಟಿಟಿ ಆ್ಯಪ್‌ನ ಆಡಿಯೋ ಸೆಟ್ಟಿಂಗ್ಸ್‌ನಲ್ಲಿ ಹುಡುಕಿದರೆ ಕೆಲವು ಕಾರ್ಯಕ್ರಮಗಳಿಗೆ ಇದು ಸಿಗುತ್ತೆ.

ನಮ್ಮ ಕೆಲಸದಲ್ಲೂ ಮೀನಿನ ಕಥೆ ದಿನಾ ನಡೆಯುತ್ತೆ. ಮೇಲೆ ಹೇಳಿದ ಸಹೋದ್ಯೋಗಿ ಕೋಡ್ ಬರೆಯುತ್ತಿದ್ದರು, ಆದರೆ ರಜೆ ಹಾಕಲು ಮಾತ್ರ ಪಕ್ಕದವರ ಸಹಾಯ ಬೇಕಿತ್ತು. ರಜೆ ಅರ್ಜಿಯ ಪುಟದಲ್ಲಿದ್ದದ್ದೆಲ್ಲ ಹೆಸರಿಲ್ಲದ ಐಕಾನ್‌ಗಳು. ಸ್ಕ್ರೀನ್ ರೀಡರ್ ಓದುತ್ತಿದ್ದದ್ದು "ಬಟನ್, ಬಟನ್, ಬಟನ್". ಯಾವ ಬಟನ್? ದೇವರೇ ಬಲ್ಲ. ಪ್ರತಿ ಬಟನ್‌ಗೆ ಕೋಡ್‌ನಲ್ಲಿ ಒಂದು ಹೆಸರು ಕೊಟ್ಟಿದ್ದರೆ ಮುಗಿಯುತ್ತಿತ್ತು. ಆ ಟಿಕೆಟ್ ನಾನು ಕಂಪನಿ ಬಿಡುವವರೆಗೂ 'ಕಡಿಮೆ ಆದ್ಯತೆ' ಪಟ್ಟಿಯಲ್ಲೇ ಇತ್ತು. ಅದೇ ಕಂಪನಿಯಲ್ಲಿ ವಿಶ್ವ ಅಂಗವಿಕಲರ ದಿನಕ್ಕೆ ಬಲೂನು ಕಟ್ಟಿ ಕೇಕ್ ಕತ್ತರಿಸಿದ್ದರು. ಅತಿಥಿ ಸತ್ಕಾರ ಚೆನ್ನಾಗಿತ್ತು, ನಿವಾಸಿಗೆ ಬಾಗಿಲು ಮಾತ್ರ ತೆರೆದಿರಲಿಲ್ಲ.

ಮಕ್ಕಳ ಜೊತೆ ಕೂತಾಗ

ಮನೆಯಲ್ಲಿ ಮಗು, ಅಕ್ಕನ ಮಗ, ಅಣ್ಣನ ಮಗಳು ಯಾರಾದರೂ ಇದ್ದೇ ಇರುತ್ತಾರೆ. ಅವರ ಜೊತೆ ಕಾರ್ಟೂನೋ ಗೊಂಬೆಯಾಟವೋ ನೋಡುವಾಗ ಕಣ್ಣು ಕಾಣದ ಪಾತ್ರ ಬಂದರೆ ಕೆಲವು ವಿಷಯ ಗಮನಿಸಿ. ಆ ಪಾತ್ರಕ್ಕೆ ಕಣ್ಣಿನ ವಿಷಯ ಬಿಟ್ಟು ಬೇರೆ ಏನಾದರೂ ಬೇಕಾ, ಅಂದರೆ ಒಂದು ಆಸೆ, ಒಂದು ಜಗಳ, ಒಂದು ಚೇಷ್ಟೆ? ಉಳಿದವರು ಅವನಿಗೆ ನೇರವಾಗಿ ಮಾತಾಡಿಸುತ್ತಾರಾ, ಇಲ್ಲ ಪಕ್ಕದವರನ್ನು 'ಇವನಿಗೆ ಏನು ಬೇಕಂತೆ?' ಅಂತ ಕೇಳುತ್ತಾರಾ? ಮುಂದಿನ ವಾರವೂ ಅವನು ಬರ್ತಾನಾ?

ಮಗು ಪ್ರಶ್ನೆ ಕೇಳಿದರೆ ಬಾಯಿ ಮುಚ್ಚಿಸಬೇಡಿ. ನಿಮಗೆ ಗೊತ್ತಿದ್ದಷ್ಟು ಹೇಳಿ. ಜೊತೆಗೆ ನಾಲ್ಕು ಸಣ್ಣ ನಡತೆಗಳನ್ನು ಆಟದಲ್ಲೇ ಕಲಿಸಬಹುದು. ಅಂಧರನ್ನು ಮಾತಾಡಿಸುವಾಗ ಮೊದಲು ನಮ್ಮ ಹೆಸರು ಹೇಳಬೇಕು. ಹೊರಡುವಾಗ ಹೊರಟೆ ಎಂದು ಹೇಳಬೇಕು, ಇಲ್ಲದಿದ್ದರೆ ಅವರು ಗಾಳಿ ಜೊತೆ ಮಾತಾಡುತ್ತಾ ನಿಂತಿರುತ್ತಾರೆ. ದಾರಿ ತೋರಿಸಬೇಕಾದರೆ ಕೈಹಿಡಿದು ಎಳೆಯಬಾರದು, ಸಹಾಯ ಬೇಕಾ ಎಂದು ಕೇಳಿ ನಮ್ಮ ಮೊಣಕೈ ಅವರಿಗೆ ಹಿಡಿಯಲು ಕೊಡಬೇಕು. ಅವರ ಕೋಲು ಮುಟ್ಟಬಾರದು.

ಬೇಕಿದ್ದರೆ ಆ ಕಾಲುಚೀಲದ ಗೊಂಬೆಯನ್ನೇ ಬಳಸಿಕೊಳ್ಳಿ. 'ಇವನಿಗೆ ಕಣ್ಣು ಕಾಣಲ್ಲ, ನೀನು ಯಾರು ಅಂತ ಹೇಳು' ಅಂದು ನೋಡಿ. ಮಗು ಹೆಸರು ಹೇಳುತ್ತೆ. ಆಮೇಲೆ ಬಣ್ಣದ ಪೆನ್ಸಿಲ್ಲು, ತಿಂಡಿ, ಬೆಕ್ಕಿನ ಮರಿ ಎಲ್ಲವನ್ನೂ ತಂದು ಗೊಂಬೆಯ ಕೈಗೆ ಮುಟ್ಟಿಸಿ ವಿವರಿಸಲು ಶುರು ಮಾಡುತ್ತೆ. ಬಾಯಿಂದ 'ಪಾಪ' ಬರಲ್ಲ. ಆ ಪದವನ್ನು ಅದಕ್ಕೆ ಕಲಿಸುವವರು ನಾವೇ.